ಈಜುಗಾರರ ನಲವತ್ತೆಂಟು ಅಂಗಿ

ಇಪ್ಪತ್ತಾರು ವರ್ಷ ಬಣ್ಣ ಎಳೆದ ಕೈಗೆ ಕೊನೆಗೂ ಸಿಕ್ಕ ಬಡ್ತಿ ಎಂದರೆ ಪ್ಯಾಕಿಂಗು. ಅಕ್ಕ ಅದನ್ನು ಹೇಳಿದ್ದೂ ಎಂಥ ಗಳಿಗೆಯಲ್ಲಿ? ಮೇಸ್ತ್ರಿ ಬಿಸಿ ಚಹಾವನ್ನು ಬಾಯಿ ತುಂಬ ತುಂಬಿಕೊಂಡು, ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿದ್ದಾಗ.

"ಈ ಈಜುಗಾರರ ಆರ್ಡರ್ ಒಂದು ಸರಿಹೋಗ್ಲಿ ಕಣೋ. ಆಮೇಲೆ ನಿನ್ನ ಮೇಜು, ಸ್ಕ್ರೀನು ಎಲ್ಲಾ ಗುಜರಿಯವನಿಗೆ ಕೊಟ್ಬಿಡೋಣ. ನೀನು ಆರಾಮಾಗಿ ಕೂತ್ಕೊಂಡು ಪ್ಯಾಕಿಂಗ್ ನೋಡ್ಕೋ. ಬೆನ್ನು ನೋವಾದ್ರೂ ಕಮ್ಮಿ ಆಗುತ್ತೆ."

ಬೆನ್ನು ನೋವಿನ ಮಾತನ್ನು ಅಕ್ಕ ಪ್ರೀತಿಯಿಂದಲೇ ಆಡಿದ್ದಳು. ಅದೇ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿಗೆ ಏನಂತ ಉತ್ತರ ಕೊಡುವುದು?

ಅಂಗಡಿ ಭಾವ ಕಟ್ಟಿದ್ದು. ಭಾವ ಹೋದಮೇಲೆ ಕೌಂಟರಿನ ಕುರ್ಚಿ ಅಕ್ಕನದಾಯಿತು, ಒಳಗಿನ ಕೆಲಸ ಪೂರ್ತಿ ತಮ್ಮನದಾಯಿತು. ಬೀದಿಯವರೆಲ್ಲ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನ ಮೇಜು ದೊಡ್ಡ ಕಿಟಕಿಯ ಕೆಳಗಿತ್ತು. ಮೇಜಿನಿಂದ ಕೈಗಳಂತೆ ಚಾಚಿದ ನಾಲ್ಕು ಹಲಗೆಗಳು, ಹಲಗೆಯ ಮೇಲೆ ಟೀ ಶರ್ಟು, ಶರ್ಟಿನ ಮೇಲೆ ಬಲೆ ಬಿಗಿದ ಚೌಕಟ್ಟು. ಆ ಚೌಕಟ್ಟೇ ಸ್ಕ್ರೀನು. ಬಣ್ಣ ಸುರಿದು, ರಬ್ಬರಿನ ಪಟ್ಟಿಯಿಂದ ಒಂದೇ ಉಸಿರಿಗೆ ಸರ್ರನೆ ಎಳೆದರೆ ಚಿತ್ರ ಬಲೆಯ ಕಣ್ಣುಗಳ ಮೂಲಕ ಬಟ್ಟೆಗಿಳಿಯುತ್ತದೆ. ನೂರನೆಯ ಅಂಗಿಯನ್ನು ಮೊದಲನೆಯದರ ಪಕ್ಕದಲ್ಲಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗಬಾರದು. ಮೇಸ್ತ್ರಿಯ ಮಟ್ಟಿಗೆ ಮುದ್ರಣ ಎಂದರೆ ಅಷ್ಟೇ, ಮಾನ ಎಂದರೂ ಅಷ್ಟೇ.

ಏನು ಅಚ್ಚು ಹಾಕುತ್ತಿದ್ದೇನೆ ಎಂಬುದರ ಗೊಡವೆ ಮಾತ್ರ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಒಮ್ಮೆ ಎರಡು ಸಂಘದವರು ಒಬ್ಬರನ್ನೊಬ್ಬರು ಬೈದುಕೊಂಡು ಬರೆಸಿದ ಬ್ಯಾನರುಗಳನ್ನು ಒಂದೇ ದಿನ, ಒಂದೇ ಹಗ್ಗಕ್ಕೆ ಒಣಗಹಾಕಿ, ಯಾಕೆ ಜಗಳವಾಗುತ್ತಿದೆ ಎಂದು ಎರಡೂ ಕಡೆಯವರನ್ನು ಕೇಳಿದ್ದ. ಅಕ್ಷರ ಅವನಿಗೆ ಓದುವ ವಸ್ತುವಲ್ಲ. ಅದಕ್ಕೊಂದು ಅಂಚಿದೆ, ಒಂದು ತಿರುವಿದೆ. ಅಂಚು ಹರಿಯಬಾರದು, ತಿರುವು ಕಟ್ಟಿಕೊಳ್ಳಬಾರದು. ಕೆಲಸ ಕಲಿಸಿದ ಗುರು ಮೊದಲ ದಿನವೇ ಹೇಳಿದ್ದ, ಚಿತ್ರವನ್ನು ತಲೆಕೆಳಗಾಗಿ ಇಟ್ಟುಕೊಂಡು ತಿದ್ದು, ನೆಟ್ಟಗಿಟ್ಟರೆ ಕಣ್ಣು ಓದಲು ಹೋಗುತ್ತದೆ, ಓದುವ ಕಣ್ಣು ಕೈಯನ್ನು ಕೆಡಿಸುತ್ತದೆ ಎಂದು. ಅವತ್ತಿನಿಂದ ಇವತ್ತಿನವರೆಗೆ ಮೇಸ್ತ್ರಿ ಜಗತ್ತನ್ನು ತಲೆಕೆಳಗಾಗಿಯೇ ತಿದ್ದಿದ್ದ, ಒಂದು ಗೆರೆಯೂ ತಪ್ಪಿರಲಿಲ್ಲ.

ಹೀಗಿರುವಾಗ ಅಕ್ಕನ ಮಗಳು ಎಲ್ಲೋ ಆರು ತಿಂಗಳು ತರಬೇತಿ ಮುಗಿಸಿ, ಹಿಂದೆಯೇ ಒಂದು ಮಿಷನ್ನನ್ನೂ ಕರೆದುಕೊಂಡು ಬಂದಳು. ಕಾಗದದ ಮೇಲೆ ಪ್ರಿಂಟ್ ತೆಗೆದಂತೆ ನೇರ ಬಟ್ಟೆಯ ಮೇಲೆಯೇ ತೆಗೆಯುವ ಮಿಷನ್ನು. ಬಲೆ ಬೇಡ, ಚೌಕಟ್ಟು ಬೇಡ, ಎಳೆಯುವ ಕೈ ಬೇಡ. ದೊಡ್ಡ ಕಿಟಕಿಯ ಜಾಗ ಅದಕ್ಕೆ ಹೋಯಿತು. ಮೇಸ್ತ್ರಿಯ ಮೇಜು ಹಿಂದಕ್ಕೆ, ಬಚ್ಚಲುಮನೆಯ ಬಾಗಿಲಿಗೆ ಒತ್ತಿಕೊಂಡು ನಿಂತಿತು. ಯಾರಾದರೂ ಒಳಗೆ ಹೋಗಬೇಕಾದರೆ ಮೇಸ್ತ್ರಿ ಒಂದು ಹಲಗೆ ತಿರುಗಿಸಿ ದಾರಿ ಬಿಡಬೇಕು.

ಅವನು ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟ. ಮಹಾರಾಣಿಗೆ ಧೂಳಾಗದು, ಸೆಕೆಯಾಗದು, ಗಾಳಿ ಒಣಗಿದರೆ ಮೂಗು ಕಟ್ಟುತ್ತದೆ. ಪಕ್ಕದಲ್ಲೊಂದು ಡಬ್ಬಿ ಸದಾ ಹಬೆ ಬಿಡುತ್ತಿರಬೇಕು. ಬಿಳಿ ಬಣ್ಣ ತಳಕ್ಕಿಳಿಯದಂತೆ ದಿನಾ ಬೆಳಗ್ಗೆ ಅಲ್ಲಾಡಿಸಬೇಕು. ಕಡು ಬಣ್ಣದ ಬಟ್ಟೆಯಾದರೆ ಮೊದಲು ಹುಳಿ ವಾಸನೆಯ ದ್ರವವೊಂದನ್ನು ಸಿಂಪಡಿಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ, ಆಮೇಲೆ ಅವಳ ಮುಂದೆ ಹಾಸಬೇಕು. ಅಕ್ಕನ ಮಗಳು ಇದನ್ನೆಲ್ಲ ಮಾವನಿಗೆ ಉತ್ಸಾಹದಿಂದ ವಿವರಿಸಿದಳು, ಕಲಿಸುತ್ತೇನೆ ಬಾ ಎಂದೂ ಕರೆದಳು. ಅವಳು "ಫೈಲು" ಎನ್ನುತ್ತಿದ್ದಂತೆಯೇ ಮೇಸ್ತ್ರಿಯ ಕಿವಿ ಬಾಗಿಲು ಹಾಕಿಕೊಂಡಿತು. ಮುಂದೆ ಅವಳು ಹೇಳಿದ ಒಂದು ಗಂಟೆಯ ಮಾತಿನಲ್ಲಿ ಅವನಿಗೆ ಉಳಿದದ್ದು ತಲೆನೋವು.

ಇದೇ ಹುಡುಗಿಗೆ ಎಂಟು ವರ್ಷವಾಗಿದ್ದಾಗ ಸ್ಟೂಲಿನ ಮೇಲೆ ನಿಲ್ಲಿಸಿ, ಪುಟ್ಟ ಕೈಗಳ ಮೇಲೆ ತನ್ನ ಕೈಯಿಟ್ಟು ಬಣ್ಣ ಎಳೆಯಲು ಕಲಿಸಿದ್ದು ಅವನೇ. ಅದನ್ನು ನೆನಪು ಮಾಡಿಕೊಳ್ಳುವುದನ್ನೇ ಅವನು ಈಗ ಬಿಟ್ಟಿದ್ದ.

ಆದರೂ ಅವನು ಸುಮ್ಮನಿರುತ್ತಿದ್ದನೇನೋ. ಕೆಡಿಸಿದ್ದು ಒಂದು ನಗು. ಬೆಳಗಿನ ಈಜುಗಾರರ ಸಂಘದ ಕಾರ್ಯದರ್ಶಿ, ನಿವೃತ್ತ ಹಲ್ಲಿನ ಡಾಕ್ಟರಮ್ಮ, ಆರ್ಡರ್ ಕೊಡಲು ಬಂದ ದಿನ ಮೇಸ್ತ್ರಿ ಹಿಂದೆ ನಲ್ಲಿ ಬಿಟ್ಟುಕೊಂಡು ಸ್ಕ್ರೀನು ತೊಳೆಯುತ್ತಿದ್ದ. ಡಾಕ್ಟರಮ್ಮ ಒಂದು ಹಾಳೆ ಹಿಡಿದುಕೊಂಡಿದ್ದರು, ಅಕ್ಕನ ಮಗಳು ಅದರ ಮೇಲೆ ಬಾಗಿದ್ದಳು, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಏನಿರಬಹುದು ಎಂದು ನಲ್ಲಿ ಸಣ್ಣಗೆ ಮಾಡಿದ. ಆಗ ಕಿವಿಗೆ ಬಿದ್ದದ್ದು ಎರಡೇ ಪದ, "ಮುದಿ ಆಮೆ." ಹಿಂದೆಯೇ ಅಕ್ಕನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಳ್ಳುತ್ತ, ಸುಮ್ಮನೆ ಎನ್ನುವಂತೆ ಅವನ ಕಡೆ ಒಮ್ಮೆ ನೋಡಿದಳು.

ಮೇಸ್ತ್ರಿ ನಲ್ಲಿ ಮತ್ತೆ ಜೋರು ಮಾಡಿದ. ಐವತ್ತೆಂಟು ವರ್ಷ, ಬಾಗಿದ ಬೆನ್ನು, ಸಾವಕಾಶದ ನಡಿಗೆ. ಆಮೆ ಯಾರೆಂದು ಯಾರೂ ಬಂದು ಹೇಳಬೇಕಾಗಿರಲಿಲ್ಲ. ಆ ಡಾಕ್ಟರಮ್ಮನಂತೂ ಹಿಂದೆ ಅವನ ಎರಡು ದವಡೆ ಹಲ್ಲು ಕಿತ್ತಿದ್ದವರು. ಈಗ ಮರ್ಯಾದೆಯನ್ನೂ ಕಿತ್ತರು. ಮೈಯೆಲ್ಲ ಉರಿದುಹೋಯಿತು. ತೊಳೆದು ಮುಗಿಸುವಷ್ಟರಲ್ಲಿ ಅವನು ನಿರ್ಧಾರ ಮಾಡಿಯಾಗಿತ್ತು: ಮಹಾರಾಣಿ ಈ ಮನೆ ಬಿಟ್ಟು ಹೋಗಬೇಕು, ತಾನಾಗಿಯೇ ಹೋಗಬೇಕು, ಹೋಗುವಾಗ ತನ್ನ ಕಡೆ ಒಂದು ಬೆರಳೂ ತಿರುಗಬಾರದು.

ಮಿಷನ್ನಿಗೆ ಕೈ ಹಚ್ಚುವುದು ದಡ್ಡರ ಕೆಲಸ. ಹಬೆಯ ಡಬ್ಬಿ ಖಾಲಿ ಮಾಡಿದರೆ ಬಣ್ಣ ಒಣಗಿ ಮೂತಿ ಕಟ್ಟುತ್ತದೆ ನಿಜ, ಆದರೆ ಹುಡುಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ, ಕಂಪನಿಯ ಮೆಕ್ಯಾನಿಕ್ ಬಂದು ಬಿಚ್ಚಿ ನೋಡುತ್ತಾನೆ, ಕಾರಣ ಸಿಗುತ್ತದೆ, ಕಾರಣ ಸಿಕ್ಕಿದರೆ ರಿಪೇರಿಯಾಗುತ್ತದೆ. ಬೇಕಾದದ್ದು ಬೇರೆ. ಮಿಷನ್ನು ಕಲ್ಲಿನ ಹಾಗೆ ಗಟ್ಟಿಯಾಗಿರಬೇಕು, ಅದು ಮಾಡಿದ ಕೆಲಸ ಮಾತ್ರ ನಾಲ್ಕು ಜನರ ಮುಂದೆ ನೀರು ಪಾಲಾಗಬೇಕು. ರೋಗವೇ ಇಲ್ಲದ ರೋಗಿಯನ್ನು ಯಾವ ಡಾಕ್ಟರು ವಾಸಿ ಮಾಡುತ್ತಾನೆ?

ಉಪಾಯ ಹೊಳೆದಾಗ ಮೇಸ್ತ್ರಿಗೆ ಅದರ ಅಂದಕ್ಕೇ ಖುಷಿಯಾಯಿತು. ಮಹಾರಾಣಿ ಮುದ್ರಿಸಿದ ನಲವತ್ತೆಂಟು ಅಂಗಿಗಳನ್ನು ಎತ್ತಿಟ್ಟು, ಅವುಗಳ ಜಾಗದಲ್ಲಿ ತಾನು ಸ್ಕ್ರೀನಿನಲ್ಲಿ ಎಳೆದ ನಲವತ್ತೆಂಟು ತದ್ರೂಪಿಗಳನ್ನು ಇಡುವುದು. ಬಣ್ಣ ಬಟ್ಟೆಯನ್ನು ಹಿಡಿದುಕೊಳ್ಳುವುದು ಬೈಂಡರ್ ಎಂಬ ಅಂಟಿನಿಂದ. ಆ ಅಂಟಿನ ಬದಲು ಗಂಜಿ ಬೆರೆಸಿದರೆ? ಒಣಗಿದ್ದಾಗ ಬಣ್ಣ ಮುದ್ದಾಗಿ ಕೂತಿರುತ್ತದೆ. ನೀರು ತಗುಲಿದರೆ ಬಿಡುತ್ತದೆ. ಅಂಗಿಗಳು ಮಂಗಳವಾರ ಹೋಗುತ್ತವೆ, ಆ ವಾರದ ಕೊನೆಯ ಭಾನುವಾರ ಈಜಿನ ಸ್ಪರ್ಧೆ. ಊರವರ ಮುಂದೆ ನಲವತ್ತೆಂಟು ಜನ ಕೊಳದಿಂದ ಎದ್ದು ಒದ್ದೆ ಮೈಮೇಲೆ ಹೊಸ ಅಂಗಿ ಏರಿಸುತ್ತಾರೆ, ಮೀನುಗಳು ಅಂಗಿಯಿಂದ ಇಳಿದು ಹೊಟ್ಟೆಯ ಮೇಲೆ ಓಡಾಡುತ್ತವೆ. ಅದನ್ನು ನೆನೆಸಿಕೊಂಡು ಮೇಸ್ತ್ರಿ ಬಸ್ಸಿನಲ್ಲಿ ಒಬ್ಬನೇ ನಕ್ಕ, ಪಕ್ಕದವರು ಸರಿದು ಕೂತರು.

ಅದೃಷ್ಟವೂ ಅವನ ಕಡೆಗೇ ಇತ್ತು. ಶುಕ್ರವಾರ ಸಂಜೆಗೆ ಅಕ್ಕನ ಮಗಳು ಕೆಲಸ ಮುಗಿಸಿದಳು. ಅಂಗಿಗಳನ್ನು ತಾನೇ ಒಂದೊಂದಾಗಿ ನೋಡಿ, ಮಡಿಸಿ, ಕವರಿಗೆ ಹಾಕಿ, ಅಂಟಿಸಿ, ಮೇಲೆ ಅಳತೆಯ ಚೀಟಿ ಹಚ್ಚಿ ಪೆಟ್ಟಿಗೆ ತುಂಬಿಸಿದಳು. ಪ್ಯಾಕಿಂಗು ಮಾವನ ಖಾತೆಯಲ್ಲವೇ ಎಂದು ಅಕ್ಕ ಕೇಳಿದ್ದಕ್ಕೆ, ಇದೊಂದು ನಾನೇ ಮಾಡುತ್ತೇನೆ ಎಂದಳು. ನಂಬಿಕೆಯಿಲ್ಲ ನೋಡು ಎಂದುಕೊಂಡ ಮೇಸ್ತ್ರಿ. ಶನಿವಾರ ಬೆಳಗ್ಗೆ ತಾಯಿ ಮಗಳಿಬ್ಬರೂ ನೆಂಟರ ಮನೆಯ ಹಸುಗೂಸು ನೋಡಲು ಪರ ಊರಿಗೆ ಹೊರಟರು. ಬರುವುದು ಸೋಮವಾರ ಸಂಜೆ. ಬೀಗದ ಕೈ ಮೇಸ್ತ್ರಿಯ ಜೇಬಿನಲ್ಲಿ.

ಅದೇ ಸಗಟು ಅಂಗಡಿಯಿಂದ, ಅದೇ ಕಡುನೀಲಿ ಬಣ್ಣದ ಖಾಲಿ ಟೀ ಶರ್ಟುಗಳು ಗುರುವಾರವೇ ಬಂದು ಅವನ ಮನೆಯ ಮಂಚದ ಕೆಳಗೆ ಮಲಗಿದ್ದವು. ಗೋಡೆಗೆ ಚುಚ್ಚಿದ್ದ ಅಳತೆಗಳ ಪಟ್ಟಿ ನೋಡಿ ಎಲ್ಲವನ್ನೂ ಸರಿಯಾಗಿ ಹೊಂದಿಸಿಕೊಂಡಿದ್ದ, ಪರೀಕ್ಷೆಗೆಂದು ಒಂದು ಹೆಚ್ಚಿಗೆ. ಶನಿವಾರ ಪೆಟ್ಟಿಗೆ ತೆರೆದು ಎಲ್ಲಕ್ಕಿಂತ ಮೇಲಿದ್ದ ಒಂದು ಕವರನ್ನು ಮಾತ್ರ ಬಿಚ್ಚಿದ. ಇಬ್ಬರು ಒಟ್ಟಿಗೆ ತೂರಿಕೊಳ್ಳಬಹುದಾದಷ್ಟು ದೊಡ್ಡ ಅಳತೆಯ ಅಂಗಿ. ಉಳಿದವನ್ನು ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು? ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದಂತೆ. ಕವರುಗಳ ಮೇಲಿಂದ ಕಾಣುತ್ತಿದ್ದದ್ದು ಮೀನುಗಳ ತಲೆ ಮಾತ್ರ, ಎಲ್ಲದರಲ್ಲೂ ಅದೇ ಮೀನು, ಅದೇ ತಲೆ.

ಅಂಗಿಯನ್ನು ಮೇಜಿನ ಮೇಲೆ ಹಾಸಿದ. ಕೆಲಸ ಚೆನ್ನಾಗಿತ್ತು. ಮೀನುಗಳ ಹಿಂಡು ಸುತ್ತಿ ಸುತ್ತಿ ಒಂದು ಉಂಗುರವಾಗಿತ್ತು, ಉಂಗುರದೊಳಗೆ ಅಲೆ, ಮೇಲೆ ಸಂಘದ ಹೆಸರು, ತೀರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು, ಘೋಷಣೆಯೋ ಏನೋ. ಹುಡುಗಿಗೆ ಕಣ್ಣಿದೆ ಎಂದು ಹೆಮ್ಮೆಯೇ ಆಯಿತು. ಆ ಹೆಮ್ಮೆಯ ಹಿಂದೆಯೇ, ಸ್ಪರ್ಧೆಯ ದಿನ ಬೈಗುಳ ತಿನ್ನುವವಳೂ ಇವಳೇ ಎಂಬುದು ನೆನಪಾಯಿತು. ಆಮೆ ಎಂದು ನಕ್ಕಾಗ ಅವಳಿಗೇನಾದರೂ ಅನ್ನಿಸಿತ್ತೇ ಎಂದು ತನಗೆ ತಾನೇ ಕೇಳಿಕೊಂಡು, ಅಂಗಿಯನ್ನು ತಲೆಕೆಳಗೆ ತಿರುಗಿಸಿ, ಮೇಲೆ ಪಾರದರ್ಶಕ ಹಾಳೆ ಹಾಸಿ, ತಿದ್ದಲು ಕೂತ.

ಬಹಳ ವರ್ಷಗಳಿಂದ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ. ಬಿಳಿಗೆ ಒಂದು ಹಾಳೆ, ಕಿತ್ತಳೆಗೆ ಒಂದು, ತಿಳಿನೀಲಿಗೆ ಒಂದು. ಮೀನಿನ ಒಂದೊಂದು ರೆಕ್ಕೆಯನ್ನೂ ಭೂತಗನ್ನಡಿಯ ಕೆಳಗೆ ಕೂದಲೆಳೆಯ ಪೆನ್ನಿನಿಂದ ತಿದ್ದಿದ. ಕೆಳಗಿನ ಸಣ್ಣ ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಚಿಕ್ಕದನ್ನು ಯಾರು ನೋಡುತ್ತಾರೆಂದು ಹಾರಿಸುತ್ತಿದ್ದರು. ಕಳ್ಳರು ಸಿಕ್ಕಿಬೀಳುವುದೇ ಇಂಥ ಸೋಮಾರಿತನದಿಂದ ಎಂದು ಮೇಸ್ತ್ರಿಗೆ ಗೊತ್ತಿತ್ತು. ಒಂದೊಂದು ಒತ್ತು, ಒಂದೊಂದು ಕೊಂಬು, ಒಂದೊಂದು ಸೊನ್ನೆ, ಎಲ್ಲವನ್ನೂ ನೂಲೆಳೆಯಷ್ಟೂ ಆಚೀಚೆಯಾಗದಂತೆ ಇಳಿಸಿದ.

ಆ ರಾತ್ರಿಯೇ ಹಾಳೆಗಳನ್ನು ಬಲೆಗಳ ಮೇಲಿಟ್ಟು, ಬೆಳಕು ಬಿಟ್ಟು ಚಿತ್ರವನ್ನು ಬಲೆಗಿಳಿಸಿ, ಭಾನುವಾರ ಇಡೀ ದಿನ ಎಳೆದ. ಅಂಗಿಯ ಕತ್ತಿನ ಭಾಗ ತನ್ನ ಕಡೆಗೆ ಬರುವಂತೆ ಹಲಗೆಗೆ ತೊಡಿಸುವುದು ಮೊದಲಿನಿಂದಲೂ ರೂಢಿ, ಹಾಗಾಗಿ ಮೀನುಗಳೆಲ್ಲ ಅವನೆದುರು ತಲೆಕೆಳಗಾಗಿಯೇ ಹುಟ್ಟಿದವು. ಎರಡು ಹೊತ್ತು ಊಟ ಮರೆತ. ಬೆನ್ನು ನೋಯಲೇ ಇಲ್ಲ. ರಬ್ಬರು ಬಲೆಯ ಮೇಲೆ ಸರ್ರೆನ್ನುವ ಸದ್ದಿಗೆ ಅವನ ಬಾಯಿಂದ ತಾನಾಗಿ ಸಿಳ್ಳೆ ಹೊರಟಿತು. ಪರೀಕ್ಷೆಯ ಅಂಗಿಯನ್ನು ಬಕೆಟ್ಟಿಗೆ ಹಾಕಿದರೆ ಐದು ನಿಮಿಷದಲ್ಲಿ ಮೀನುಗಳೆಲ್ಲ ನೀರಿಗೆ ಹೋಗಿ ಬಕೆಟ್ಟು ರಾಡಿಯಾಯಿತು. ಅಷ್ಟು ಚೆಂದದ ಕೆಲಸ ಅಷ್ಟು ಬೇಗ ಕರಗಿದ್ದು ನೋಡಿ ಅವನಿಗೆ ಬೇಸರವೇ ಆಯಿತು ಎನ್ನಬೇಕು.

ಮಿಷನ್ನಿನ ಅಂಗಿಗಳ ಮೇಲೆ ಪ್ರೆಸ್ಸು ಒತ್ತಿದ ಚೌಕದ ಮಾಸಲು ಗುರುತಿರುತ್ತದೆ, ಆ ಹುಳಿ ವಾಸನೆಯೂ ಇರುತ್ತದೆ. ಮೇಸ್ತ್ರಿ ಅದನ್ನೂ ಬಿಟ್ಟಿರಲಿಲ್ಲ. ಎಳೆಯುವ ಮೊದಲೇ ಒಂದೊಂದಕ್ಕೂ ದ್ರವ ಸಿಂಪಡಿಸಿ, ಪ್ರೆಸ್ಸಿನಲ್ಲಿ ಒತ್ತಿ, ಮೂಸಿ ನೋಡಿದ್ದ. ಸೋಮವಾರ ಮಧ್ಯಾಹ್ನದೊಳಗೆ ಎಲ್ಲವೂ ಮಡಿಕೆಯಾಗಿ, ಕವರು ಸೇರಿ, ಅಳತೆಯ ಚೀಟಿ ಹಚ್ಚಿಕೊಂಡು ಪೆಟ್ಟಿಗೆಯಲ್ಲಿ ಕೂತವು. ಹುಡುಗಿ ಮಡಿಸಿದ್ದ ಹಾಗೆಯೇ, ಮೇಲೆ ಮೀನಿನ ತಲೆ ಮಾತ್ರ. ಅವಳ ಅಂಗಿಗಳು ಇನ್ನೊಂದು ಪೆಟ್ಟಿಗೆಯಲ್ಲಿ ಬಚ್ಚಲಿನ ಮೇಲಿನ ಅಟ್ಟ ಹತ್ತಿ, ಹಳೇ ಚೌಕಟ್ಟುಗಳ ಹಿಂದೆ ಮರೆಯಾದವು. ಮಹಾರಾಣಿ ಮಾರಾಟವಾದಮೇಲೆ ಕತ್ತರಿಸಿ ಒರೆಸುವ ಬಟ್ಟೆ ಮಾಡಿದರಾಯಿತು. ಈಗಲೇ ಕತ್ತರಿಸಲು ಯಾಕೋ ಕೈ ಬರಲಿಲ್ಲ. ಸ್ಕ್ರೀನುಗಳನ್ನು ಉಜ್ಜಿ ತೊಳೆದು, ತಿದ್ದಿದ ಹಾಳೆಗಳನ್ನು ಸುಟ್ಟು, ಬೂದಿಯನ್ನು ಮೋರಿಗೆ ಬಿಟ್ಟ. ಅಂಗಡಿಯಲ್ಲಿ ಅಪರಾಧದ ಒಂದು ಚುಕ್ಕೆಯೂ ಉಳಿಯಲಿಲ್ಲ.

ಮಂಗಳವಾರ ಡಾಕ್ಟರಮ್ಮ ತಾವೇ ಕಾರು ತಂದರು. ಪೆಟ್ಟಿಗೆಯನ್ನು ಡಿಕ್ಕಿಯವರೆಗೆ ಹೊತ್ತವನು ಮೇಸ್ತ್ರಿಯೇ. ಪ್ಯಾಕಿಂಗು ಇಲಾಖೆ ನನ್ನದೇ ತಾನೆ ಎಂದು ನಗೆಯಾಡಿದ್ದೂ ಉಂಟು. ತಮ್ಮ ಕೊನೆಗೂ ಹೊಂದಿಕೊಂಡ ಎಂದು ಅಕ್ಕನ ಮುಖ ಅರಳಿತು. ಮುಂದಿನ ಸೋಮವಾರಕ್ಕೆ ಬೇಕಾಗುವ ಮುಖವನ್ನು ಅವನು ಆಗಲೇ ಸಿದ್ಧ ಮಾಡಿಟ್ಟುಕೊಂಡಿದ್ದ. ಅಯ್ಯೋ ಪಾಪ ಎನ್ನುವಂತಿರಬೇಕು, ಆದರೆ ತುಂಬ ಹೆಚ್ಚಾಗಬಾರದು. ಹುಡುಗಿಯ ತಲೆ ಸವರಿ, ಹೋಗಲಿ ಬಿಡು, ಮಿಷನ್ನಿಗೇನು ಗೊತ್ತು, ನಾನಿದ್ದೇನಲ್ಲ ಎನ್ನಬೇಕು. ಆಮೇಲೆ ದೊಡ್ಡ ಕಿಟಕಿಯ ಜಾಗವನ್ನು ಒಮ್ಮೆ, ಹೆಚ್ಚಲ್ಲ, ಒಂದೇ ಒಂದು ಸಲ ನೋಡಬೇಕು.

ಸೋಮವಾರದವರೆಗೆ ಕಾಯುವ ಪ್ರಮೇಯವೇ ಬರಲಿಲ್ಲ. ಎರಡು ಗಂಟೆ ಕಳೆಯುವುದರೊಳಗೆ ಡಾಕ್ಟರಮ್ಮ ಪೆಟ್ಟಿಗೆ ಸಮೇತ ವಾಪಸ್ಸು ಬಂದರು. ಯಾರೋ ಅತ್ಯುತ್ಸಾಹಿ ಆಗಲೇ ಅಂಗಿ ತೊಟ್ಟು ಕೊಳಕ್ಕೆ ಇಳಿದಿರಬೇಕು. ಮೇಸ್ತ್ರಿ ಗಡಿಬಿಡಿಯಲ್ಲಿ ಆ ಮುಖ ಹಾಕಿಕೊಂಡು, ಎಲ್ಲರಿಗಿಂತ ಮುಂದೆ ಹೋಗಿ ಮೆತ್ತಗೆ ಕೇಳಿದ.

"ಬಣ್ಣ ಹೋಯ್ತಾ ಡಾಕ್ಟ್ರೇ?"

"ಬಣ್ಣಕ್ಕೇನಾಗಿದೆ? ಬಣ್ಣ ಸೊಗಸಾಗಿದೆ. ಈ ಮೀನುಗಳನ್ನ ನೋಡ್ತಾ ಇದ್ರೆ ಮುಟ್ಬೇಕು ಅನ್ಸುತ್ತೆ."

ಎಲ್ಲ ಮರೆತು ಮೇಸ್ತ್ರಿಯ ಎದೆ ಒಂದು ಗಳಿಗೆ ಉಬ್ಬಿತು.

ಡಾಕ್ಟರಮ್ಮ ಅಕ್ಕನ ಮಗಳನ್ನು ಕರೆದು, ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಆರು ಅಂಗಿ ಹಾಸಿ, ಮಡಿಕೆ ಬಿಡಿಸಿ, ಮೀನುಗಳ ಕೆಳಗಿನ ಸಣ್ಣ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋದರು. ಕಲ್ಲುಗುಂಡು, ಕಲ್ಲುಗುಂಡು, ಕಲ್ಲುಗುಂಡು. "ನಲವತ್ತೆಂಟರಲ್ಲೂ ಇದೇ. ನಮ್ಮ ಕಲ್ಲುಗುಂಡು ಒಬ್ರೇ ಕಣಮ್ಮ, ಎರಡು ವರ್ಷದಿಂದ ಮುಳುಗ್ತಾನೇ ಇದ್ದಾರಲ್ಲ, ಆ ದಪ್ಪನೆಯ ವಕೀಲ್ರು. ಒಬ್ಬೊಬ್ಬರಿಗೂ ಅವರವರ ಅಡ್ಡಹೆಸರು ಬರ್ಬೇಕು ಅಂತ ತಾನೇ ಆವತ್ತು ಕೂತು ಪಟ್ಟಿ ಓದಿದ್ದು? ಅಷ್ಟು ನಕ್ಕಿದ್ದೀಯ. ಮುದಿ ಆಮೆ ನಾನು, ನನ್ನ ಅಂಗಿ ಎಲ್ಲಿ?" ಮಡಿಸುವಾಗ ಒಂದೊಂದು ಹೆಸರನ್ನೂ ಓದಿ, ಪಟ್ಟಿಯಲ್ಲಿ ಗುರುತು ಹಾಕಿ ಕವರಿಗೆ ಸೇರಿಸಿದವಳು ಅಕ್ಕನ ಮಗಳು. ಎರಡು ಅಂಗಿಗಳನ್ನು ಎತ್ತಿ, ಒಂದರ ಮೇಲೊಂದಿಟ್ಟು, ದೊಡ್ಡ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಗೆರೆಯೂ ಆಚೀಚೆಯಿರಲಿಲ್ಲ. ಮಿಷನ್ನಿನ ಕಡೆ ನೋಡಲೂ ಇಲ್ಲ, ಸೀದಾ ಬಚ್ಚಲ ಬಾಗಿಲಿನ ಪಕ್ಕದ ಮೇಜಿನ ಕಡೆ ತಿರುಗಿ, ತುಂಬ ಮೆಲ್ಲಗೆ, "ಮಾವ, ನನ್ನ ಅಂಗಿಗಳನ್ನ ಎಲ್ಲಿಟ್ಟಿದ್ದೀಯ?" ಎಂದಳು. ಬೇಡ ಬೇಡವೆಂದರೂ ಮೇಸ್ತ್ರಿಯ ಕಣ್ಣು ಅಟ್ಟದ ಕಡೆ ಹೋಯಿತು.